ಇಸ್ತ್ರಿ ಮೇಜಿನ ಮೇಲೆ ಸಿಕ್ಕ ರಕ್ತದ ಡಾಕ್ಟರು

ಈ ಊರಿನಲ್ಲಿ ನನಗೆ ಗೊತ್ತಿಲ್ಲದ ಡಾಕ್ಟರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಹಾಲುಹಲ್ಲು ಬಿದ್ದಿರಲಾರದು. ನಲವತ್ತೊಂದು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನು ನಾನು. ಡಾಕ್ಟರುಗಳ ಕೈಬರಹ ಓದುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇರುವೆಯೊಂದು ಮಸಿಯಲ್ಲಿ ಬಿದ್ದೆದ್ದು ಕಾಗದದ ಮೇಲೆ ನಡೆದುಹೋದರೂ ಸರಿ, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಹೇಳಿಬಿಡುತ್ತಿದ್ದೆ. ಒಬ್ಬ ಡಾಕ್ಟರಂತೂ ತಾನೇ ಬರೆದ ಚೀಟಿ ತನಗೇ ಓದಲು ಬಾರದೆ ನರ್ಸಿನ ಕೈಲಿ ನನ್ನ ಹತ್ತಿರ ಕಳಿಸಿದ್ದುಂಟು. ಬೀದಿಯವರು ನನ್ನನ್ನು ಗುಳಿಗೆಯಣ್ಣ ಎಂದು ಕರೆಯುವುದು ಸುಮ್ಮಸುಮ್ಮನೆ ಅಲ್ಲ.

ಇಷ್ಟೆಲ್ಲ ಇದ್ದೂ, ನಮ್ಮ ಬೀದಿಯಲ್ಲಿ ಯಾರಿಗಾದರೂ ಮೈ ಬೆಚ್ಚಗಾದರೆ ಅವರು ಬರುತ್ತಿದ್ದದ್ದು ನನ್ನ ಮನೆಗಲ್ಲ. ನನ್ನ ಬಾಗಿಲು ದಾಟಿ, ಕೆಲಸದಿಂದ ನಿವೃತ್ತನಾಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ನನ್ನನ್ನೂ ದಾಟಿ, ಬೀದಿಯ ಮೂಲೆಯ ಇಸ್ತ್ರಿ ಮೇಜಿಗೆ ಹೋಗುತ್ತಿದ್ದರು. ಆ ಮೇಜು ನನ್ನ ನಾದಿನಿಯದು, ಅಂದರೆ ನನ್ನ ಹೆಂಡತಿಯ ಒಡಹುಟ್ಟಿದ ತಂಗಿಯದು. ಊರೆಲ್ಲ ಅವಳನ್ನು ಇಸ್ತ್ರಿಯಕ್ಕ ಅನ್ನುತ್ತದೆ. ಮನಸ್ಸಿನೊಳಗೆ ನಾನು ಏನನ್ನುತ್ತಿದ್ದೆ ಎಂಬುದು ಅಚ್ಚಿನಲ್ಲಿ ಬರುವ ಮಾತಲ್ಲ.

ಅವಳ ಗಂಡ, ನನ್ನ ಷಡ್ಡಕ, ದರ್ಜಿಯಾಗಿದ್ದ. ವೈದ್ಯಕೀಯ ಕಾಲೇಜಿಗೆ ಸೇರಿದ ಮಕ್ಕಳಿಗೆ ಮೊಟ್ಟಮೊದಲ ಬಿಳಿ ಕೋಟು ಹೊಲಿದುಕೊಡುವುದು ಅವನ ಕಸುಬು. ಅವನು ಹೊಲಿಯುವುದು, ಇವಳು ಇಸ್ತ್ರಿ ಹಾಕಿ ಮಡಿಸುವುದು. ಮದುವೆಯಾದ ಹನ್ನೊಂದನೇ ವರ್ಷಕ್ಕೆ ಅವನು ಒಂದು ಮಧ್ಯಾಹ್ನ ಅರ್ಧ ಹೊಲಿದ ತೋಳಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಹೊಲಿಗೆ ಯಂತ್ರ ತುಳಿಯುವುದು ಇವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಕೆಂಡ ತುಂಬಿದರೆ ಅದನ್ನೆತ್ತಲು ಇಬ್ಬರು ಪೈಲ್ವಾನರು ಬೇಕು, ಮೂರನೆಯವನೊಬ್ಬ ಅವರಿಗೆ ಗಾಳಿ ಹಾಕಲು ಬೇಕು. ಇವಳು ಅದನ್ನು ಒಂದು ಕೈಯಲ್ಲಿ ಆಡಿಸುತ್ತ, ಇನ್ನೊಂದು ಕೈಯಲ್ಲಿ ನೀರು ಚಿಮುಕಿಸುತ್ತ, ಬಾಯಲ್ಲಿ ಬೀದಿಯ ನ್ಯಾಯ ತೀರಿಸುತ್ತಿದ್ದಳು. ಅವಳ ಮೇಜಿರುವುದು ಮೂಲೆಮನೆಯ ಮೆಟ್ಟಿಲ ಕೆಳಗೆ, ಅಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಇಪ್ಪತ್ತೇಳು ವರ್ಷ ಅಲ್ಲಿ ನಿಂತು ಅವಳ ಬೆನ್ನು ಬಾಗಿತು. ನಾಲಿಗೆ ಬಾಗಲಿಲ್ಲ.

ಷಡ್ಡಕನ ಹತ್ತಿರ ಕೋಟು ಹೊಲಿಸಿಕೊಂಡ ಮಕ್ಕಳು ಡಾಕ್ಟರಾದರು, ದೊಡ್ಡ ಡಾಕ್ಟರಾದರು, ಕೋಟಿನ ಗುಂಡಿ ಹಾಕಲಾಗದಷ್ಟು ದೊಡ್ಡವರಾದರು. ಕೋಟು ಮಾತ್ರ ಇವಳ ಮೇಜಿಗೇ ಬರುತ್ತಿತ್ತು. ನಾನು ಚೀಟಿ ಓದುತ್ತಿದ್ದಂತೆ ಅವಳು ಕೋಟು ಓದುತ್ತಿದ್ದಳು. ಅದೂ ಎಂಥ ಓದು!

"ಅಕ್ಕಾ, ಎದೇಲಿ ಏನೋ ಚುಳುಕ್ ಅಂತದೆ. ಯಾರ ಹತ್ರ ಹೋಗ್ಲಿ?" ಎಂದು ಸೈಕಲ್ ರಿಪೇರಿಯವನು ಒಮ್ಮೆ ಕೇಳಿದ. ನಾನು ಹತ್ತು ಹೆಜ್ಜೆ ದೂರದಲ್ಲಿ ಪೇಪರ್ ಓದುವವನಂತೆ ಕೂತಿದ್ದೆ.

"ಆ ಎತ್ತರದ ಡಾಕ್ಟರ ಹತ್ರ ಮಾತ್ರ ಹೋಗ್ಬೇಡ. ನೋಡಿಲ್ಲಿ ಅವರ ಕೋಟಿನ ಬೆನ್ನು, ಕುರ್ಚಿಗೆ ಅಂಟಿ ಅಂಟಿ ಗೋಣಿಚೀಲ ಆಗಿದೆ. ಎದ್ದು ರೋಗಿ ಹತ್ರ ಹೋಗೋ ಪೈಕಿ ಅಲ್ಲ. ಈ ಕೋಟು ನೋಡು, ಮುಂದಿನ ಅಂಚೆಲ್ಲ ಸುಕ್ಕು. ಮಂಚಕ್ಕೆ ಒರಗಿ, ಬಗ್ಗಿ ನೋಡೋರು. ಇವರ ಹತ್ರ ಹೋಗು."

ಅವನು ಹೋದ. ಹೋದವನು ಗುಣವಾಗಿ ಬಂದ. ನನ್ನ ಮಟ್ಟಿಗೆ ಅದೇ ಆ ವರ್ಷದ ದೊಡ್ಡ ಅನಾಹುತ.

ಅವಳ ಶಾಸ್ತ್ರ ತಪ್ಪಿದ್ದೂ ಉಂಟು, ಇಲ್ಲವೆಂದಲ್ಲ. ಅಂಚೆಯವನನ್ನು ಇದೇ ರೀತಿ ಮುಂದಿನ ಅಂಚಿನ ಸುಕ್ಕು ನೋಡಿ ಒಬ್ಬರ ಹತ್ತಿರ ಕಳಿಸಿದಳು. ಆಮೇಲೆ ತಿಳಿಯಿತು, ಆ ಡಾಕ್ಟರು ದಿನವಿಡೀ ಒರಗಿ ನಿಲ್ಲುತ್ತಿದ್ದದ್ದು ರೋಗಿಯ ಮಂಚಕ್ಕಲ್ಲ, ಕ್ಯಾಂಟೀನಿನ ಕಟ್ಟೆಗೆ. ಆ ಕಥೆಯನ್ನು ನಾನು ಹನ್ನೆರಡು ವರ್ಷ ಹೇಳಿಕೊಂಡು ತಿರುಗಿದೆ. ಅಂಚೆಯವನಿಗೇ ಹದಿನಾಲ್ಕು ಸಲ ಹೇಳಿದೆ.

ಹೀಗಿರುವಾಗ ನನ್ನ ಹೆಂಡತಿಗೆ ಸುಸ್ತು ಶುರುವಾಯಿತು. ಬಾವಿಯಂಥ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಮಹಡಿ ಹತ್ತುತ್ತಿದ್ದವಳು ಖಾಲಿ ಚೊಂಬು ಹಿಡಿದು ಏದುಸಿರು ಬಿಡತೊಡಗಿದಳು. ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುವಳು. ಎಡ ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಕೂತಿದೆ ಅನ್ನುವಳು. ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವರದಿ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಅಣ್ಣಾ, ಬಿಳಿ ರಕ್ತಕಣ ಇರಬೇಕಾದ್ದಕ್ಕಿಂತ ಹದಿನೈದು ಪಟ್ಟು ಇದೆ. ಇದು ನನ್ನ ಕೈ ಮೀರಿದ್ದು. ರಕ್ತದ ಕಾಯಿಲೆ, ಕ್ಯಾನ್ಸರು ನೋಡೋ ತಜ್ಞರಿಗೇ ತೋರಿಸ್ಬೇಕು. ತಡ ಮಾಡ್ಬೇಡಿ. ಯಾರು ಅಂತ ಬರೆದು ಕೊಡ್ಲಾ?"

"ನನಗೆ ಡಾಕ್ಟರ ವಿಳಾಸ ಹೇಳಿಕೊಡ್ತೀರಾ?" ಎಂದು ನಕ್ಕುಬಿಟ್ಟೆ. ಅವರ ಕೈಯ ಪೆನ್ನು ಮತ್ತೆ ಜೇಬಿಗೆ ಹೋಯಿತು. ಮನೆಗೆ ಬರುವ ತನಕ ನಾವಿಬ್ಬರೂ ಕ್ಯಾನ್ಸರು ಎಂಬ ಮಾತನ್ನು ಎತ್ತಲಿಲ್ಲ. ಅದು ನಮ್ಮಿಬ್ಬರ ನಡುವೆ ಮೂರನೆಯವರಂತೆ ನಡೆದು ಬಂತು.

ಸಂಜೆಗೆ ನಾದಿನಿ ಬಂದಳು. ಕೈಯಲ್ಲಿ ಮಡಿಸಿದ ಒಂದು ಚಿಕ್ಕ ಬಿಳಿ ಕೋಟು. ಅಕ್ಕನ ಪಕ್ಕ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒತ್ತುತ್ತ ಶುರುಮಾಡಿದಳು.

"ಭಾವ, ಈ ಕೋಟಿನ ತೋಳು ನೋಡಿ. ನೇರಳೆ ಕಲೆ. ಎಷ್ಟು ಒಗೆದ್ರೂ ಹೋಗಲ್ಲ. ಒಂದಿನ ನಾನೇ ಬೈದೆ, ಏನಮ್ಮಾ, ಇಷ್ಟು ಓದ್ಕೊಂಡು ಮಸಿ ಜೊತೆ ಆಟ ಆಡ್ತೀಯಾ ಅಂತ. ಅದಕ್ಕೆ ಆ ಡಾಕ್ಟರಮ್ಮ ಹೇಳಿದ್ರು, ಮಸಿಯಲ್ಲ ಅಕ್ಕ, ರಕ್ತದ ಹನಿ ಗಾಜಿನ ಮೇಲೆ ಸವರಿ ಬಣ್ಣ ಹಾಕಿದ್ರೆ ಕಣ ಕಾಣುತ್ತೆ, ಇನ್ನೊಬ್ಬರು ನೋಡಿ ಬರೆದದ್ದನ್ನ ಓದಿದ್ರೆ ನನಗೆ ನಿದ್ದೆ ಬರಲ್ಲ, ನಾನೇ ನೋಡ್ಬೇಕು ಅಂತ. ರಕ್ತದ ಕ್ಯಾನ್ಸರಿಗೇ ಓದಿದೋರಂತೆ. ಅಕ್ಕನ್ನ ಇವರಿಗೇ ತೋರಿಸೋಣ."

ಸರಿಯಾದ ಮಾತು ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಬೇರೆಯವರ ಎದೆನೋವಿಗೆ ಅವಳು ದಾರಿ ತೋರಿಸಿದ್ದನ್ನೇ ತಡೆಯಲಾರದವನು ನಾನು. ಈಗ ನನ್ನ ಹೆಂಡತಿಗೂ ಅವಳೇ ಡಾಕ್ಟರನ್ನು ಹುಡುಕಿಕೊಟ್ಟಳು ಅಂದರೆ ನಲವತ್ತೊಂದು ವರ್ಷ ನಾನು ಕೌಂಟರಿನ ಹಿಂದೆ ನಿಂತು ಕಿತ್ತದ್ದೇನು?

"ಕಲೆ ನೋಡಿ ಡಾಕ್ಟರನ್ನ ಆರಿಸೋದಾದ್ರೆ ಗೋಡೆಗೆ ಬಣ್ಣ ಹೊಡೆಯೋನ ಹತ್ರಾನೇ ಹೋಗೋಣ ಬಿಡು" ಅಂದೆ.

"ಹೋಗಿ ಭಾವ. ಅವನಾದ್ರೂ ಬಣ್ಣ ಹಚ್ಚೋ ಮುಂಚೆ ಗೋಡೆ ಮುಟ್ಟಿ ನೋಡ್ತಾನೆ."

ನನ್ನ ಹೆಂಡತಿ ಮಲಗಿದ್ದಲ್ಲೇ ನಕ್ಕಳು. ಹದಿನೈದು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅದೂ ತಂಗಿಯ ಮಾತಿಗೆ. "ಲೇ, ಇವರ ಹೊಟ್ಟೇಲಿರೋ ಕಿಚ್ಚನ್ನ ನಿನ್ನ ಪೆಟ್ಟಿಗೆಗೆ ತುಂಬಿಸ್ಕೊಳ್ಳೇ, ವರ್ಷದ ಇದ್ದಲು ಉಳಿಯುತ್ತೆ" ಅಂದಳು. ಆ ರಾತ್ರಿ ನನ್ನಿಂದೆದ್ದ ಹೊಗೆಗೆ ಪಕ್ಕದ ಬೀದಿಯವರು ಕಿಟಕಿ ಮುಚ್ಚಿಕೊಂಡರೆಂದು ಕೇಳಿದ್ದೇನೆ.

ಮಾರನೆಯ ದಿನವೇ ನನ್ನ ಬೇಟೆ ಶುರುವಾಯಿತು. ಮೊದಲು ಹೋದದ್ದು ಊರಿನ ಅತಿ ದೊಡ್ಡ ಕ್ಯಾನ್ಸರ್ ಡಾಕ್ಟರ ಹತ್ತಿರ. ಅವರ ಹೆಸರು ಬಾಗಿಲಿನ ಮೇಲೆ ಶುರುವಾದರೆ ಪದವಿಗಳ ಬಾಲ ಲಿಫ್ಟಿನ ತನಕ ಹೋಗುತ್ತದೆ. ಅವರನ್ನು ಕಾಣಲು ಆರು ದಿನ ಕಾದು, ಆರನೆಯ ದಿನ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತೆವು. ಅವರು ವರದಿಯನ್ನು ಅರ್ಧ ನಿಮಿಷ ನೋಡಿದರು.

"ನಾನು ಗಡ್ಡೆ ಕತ್ತರಿಸೋನು. ನಿಮ್ಮವರ ರಕ್ತದಲ್ಲಿ ಕತ್ತರಿಸೋಕೆ ಏನಿದೆ? ಇದಕ್ಕೆ ರಕ್ತದ ತಜ್ಞರೇ ಬೇಕು, ಬೇಗ ಹೋಗಿ. ಯಾರಾದ್ರೂ ಗೊತ್ತಾ?"

"ಗೊತ್ತಿಲ್ಲದೆ ಏನು ಸಾರ್" ಅಂದೆ. ಹಾಳು ಬಾಯಿ! ಅವತ್ತು ಅದನ್ನು ಹೊಲಿದುಬಿಡಲು ಷಡ್ಡಕ ಬದುಕಿರಬೇಕಾಗಿತ್ತು.

ನನಗೆ ಗೊತ್ತಿದ್ದ ರಕ್ತದ ಡಾಕ್ಟರು ಒಬ್ಬರಿದ್ದರು. ಅಂದರೆ ಅವರ ಕೈಬರಹ ಗೊತ್ತಿತ್ತು. ಹೂಬಳ್ಳಿಯಂಥ ಅಕ್ಷರ. ಇಪ್ಪತ್ತು ವರ್ಷ ಅವರ ಚೀಟಿ ಓದಿದ್ದೆ, ಮುಖ ನೋಡಿರಲಿಲ್ಲ. ಹಾಗೆಂದು ಬೀದಿಯಲ್ಲಿ ಹೇಳಿಕೊಂಡು ಬರಲಾಗುತ್ತದೆಯೇ? ಹಿಂದಿನ ವಾರವಷ್ಟೇ ಕ್ಷೌರದಂಗಡಿಯಲ್ಲಿ, ನನ್ನ ಹೆಂಡತಿಯ ತಮ್ಮನೂ ಕೂತಿದ್ದಾಗ, "ಮೊನ್ನೆ ತಾನೆ ಅವರು ನನಗೆ ಫೋನ್ ಮಾಡಿದ್ರು" ಎಂದು ಬಿಟ್ಟಿದ್ದೆ. ಹಳೆಯ ಚೀಟಿಯ ಮೇಲಿದ್ದ ವಿಳಾಸ ಹಿಡಿದು ಹೊರಟೆವು. ಮೂರು ಮಹಡಿ, ಲಿಫ್ಟಿಲ್ಲ. ನನ್ನ ಹೆಂಡತಿ ಐದೈದು ಮೆಟ್ಟಿಲಿಗೊಮ್ಮೆ ಗೋಡೆಗೆ ಒರಗಿ ನಿಂತು ಹತ್ತಿದಳು. ಮೇಲೆ ಹೋದರೆ ಡಾಕ್ಟರ ಬಾಗಿಲಲ್ಲಿ ಕನ್ನಡಕದ ಅಂಗಡಿ.

"ಆ ಡಾಕ್ಟರಾ?" ಎಂದ ಕನ್ನಡಕದವನು. "ತೀರ್ಕೊಂಡು ಒಂಬತ್ತು ವರ್ಷ ಆಯ್ತಲ್ಲ ಯಜಮಾನ್ರೇ."

ನನ್ನ ಹೆಂಡತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏದುಸಿರು ಇಳಿದ ಮೇಲೆ ಕೇಳಿದಳು, "ಮೊನ್ನೆ ಫೋನ್ ಮಾಡಿದಾಗ ದನಿ ಹೇಗಿತ್ತು ರೀ? ಆರಾಮಾಗಿದ್ರಾ?"

ಬೇರೆ ದಿನವಾಗಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಎಬ್ಬಿಸಲು ಕೈ ಹಿಡಿದಾಗ ಅವಳ ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ತನಕ ಹೋಯಿತು. ಅದು ಮದುವೆಯಲ್ಲಿ ಕೊಟ್ಟ ಗಡಿಯಾರ, ಮೊನ್ನೆ ಮೊನ್ನೆಯವರೆಗೆ ಬಿಗಿಯಾಗಿತ್ತು. ಆಗಲಾದರೂ ನಾದಿನಿಯ ಮೇಜಿಗೆ ಓಡಬೇಕಾಗಿತ್ತಲ್ಲವೇ? ಓಡಲಿಲ್ಲ. ಮನೆಗೆ ಬಂದು ಇನ್ನೊಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ಐದು ವಾರ ಬಿಟ್ಟು ಬನ್ನಿ ಅಂದರು. ಆಗಲಿ ಅಂದೆ. ದಿನಾ ಸಂಜೆ ನಾದಿನಿ ಬಂದು ಅಕ್ಕನ ಕಾಲೊತ್ತುವಳು, ಆ ಕೋಟಿನ ಮಾತೆತ್ತುವಳು. ದಿನಾ ನಾನು ಕ್ಯಾಂಟೀನಿನ ಕಟ್ಟೆಯ ಕಥೆ ತೆಗೆಯುವೆ. ಮನುಷ್ಯನಿಗೆ ಹೆಂಡತಿಯ ಜೀವಕ್ಕಿಂತ ತನ್ನ ಮಾತು ಮೇಲಾಗಬಹುದು ಎಂದು ಯಾರಾದರೂ ಹೇಳಿದ್ದರೆ ಆವರೆಗೆ ನಾನು ನಂಬುತ್ತಿರಲಿಲ್ಲ.

ವರದಿ ಬಂದ ಹತ್ತೊಂಬತ್ತನೆಯ ದಿನ. ಮುಂಜಾನೆ ಸೋಪು ತರಲು ಹೋಗಿ ಬರುವಷ್ಟರಲ್ಲಿ ಮನೆಗೆ ಬೀಗ. ಎದುರುಮನೆಯಾಕೆ ಬಟ್ಟೆ ಹಿಂಡುತ್ತ ಹೇಳಿದಳು, "ನಿಮ್ಮ ಮನೆಯೋರು ತಂಗಿ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದ್ರು. ನೀವು ಕೇಳಿದ್ರೆ ಐದು ವಾರ ಬಿಟ್ಟು ಬರ್ತೀನಿ ಅಂತ ಹೇಳಿ ಅಂದ್ರು."

ಓಡಿದೆ. ನಲವತ್ತೊಂದು ವರ್ಷ ನಾನಿದ್ದ ಅಂಗಡಿಯಿಂದ ಆ ಆಸ್ಪತ್ರೆಗೆ ಇನ್ನೂರು ಹೆಜ್ಜೆ ಕೂಡ ಇಲ್ಲ. ಎರಡನೆಯ ಮಹಡಿಯ ಕೊನೆಯಲ್ಲಿ, ರಕ್ತ ಪರೀಕ್ಷೆಯ ಕೋಣೆಯ ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅಕ್ಕ ತಂಗಿಯ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಭುಜದ ಮೇಲೆ ಅವಳು ಹಾಗೆ ತಲೆಯಿಟ್ಟದ್ದು ನೆನಪಿಲ್ಲ. ನನ್ನ ಭುಜ ಸದಾ ಯಾರಿಗೋ ಏನೋ ಹೇಳುತ್ತ ಕುಣಿಯುತ್ತಿತ್ತು. ಅಷ್ಟು ಹೆದರಿಕೆಯ ನಡುವೆಯೂ, ದೇವರಾಣೆ, ಆ ಭುಜದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಡಾಕ್ಟರಮ್ಮ ಹೊರಗೆ ಬಂದರು. ಮೊಳದುದ್ದದ ಹೆಂಗಸು, ತೋಳಿನಲ್ಲಿ ನೇರಳೆ ಕಲೆ. "ಇಸ್ತ್ರಿಯಕ್ಕಾ, ನಿಮ್ಮಕ್ಕ ಇವರೇನಾ? ಇವರು ಯಾರು?" ಎಂದು ನನ್ನ ಕಡೆ ನೋಡಿದರು.

"ನಮ್ಮ ಭಾವ. ಇಲ್ಲೇ ಔಷಧಿ ಅಂಗಡೀಲಿದ್ರು."

"ಹೌದಾ? ನಾನು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೀನಿ, ನೋಡೇ ಇಲ್ಲ" ಅಂದರು. ಅವರ ರೋಗಿಗಳಿಗೆ ಮಾತ್ರೆ ಆಸ್ಪತ್ರೆಯ ಒಳಗೇ ಸಿಗುತ್ತಿತ್ತು. ಅವರ ಒಂದು ಚೀಟಿಯೂ ನನ್ನ ಕೌಂಟರಿಗೆ ಬಂದಿರಲಿಲ್ಲ.

ವರದಿಯ ತಾರೀಖಿನ ಮೇಲೆ ಅವರ ಬೆರಳು ನಿಂತಿತು. "ಹತ್ತೊಂಬತ್ತು ದಿನ ಎಲ್ಲಿದ್ರಿ?"

ನನ್ನ ಹೆಂಡತಿ ನೆಲ ನೋಡಿದಳು. ನಾದಿನಿ ನನ್ನನ್ನೊಮ್ಮೆ ನೋಡಿ ಹೇಳಿದಳು, "ಡಾಕ್ಟರನ್ನ ಹುಡುಕ್ತಿದ್ವಮ್ಮ."

ಡಾಕ್ಟರಮ್ಮ ನನ್ನ ಹೆಂಡತಿಯನ್ನು ಮಂಚದ ಮೇಲೆ ಮಲಗಿಸಿ, ಎಡಗಡೆ ಹೊಟ್ಟೆಯನ್ನು ಹಗುರವಾಗಿ ಒತ್ತಿ ನೋಡಿ, ಬೆರಳಿನಿಂದ ರಕ್ತದ ಹನಿ ತೆಗೆದುಕೊಂಡು ತಾವೇ ಪಕ್ಕದ ಕೋಣೆಗೆ ಹೋದರು. ಅರ್ಧ ಗಂಟೆಯ ಮೇಲೆ ಕರೆದರು, ಯಾರನ್ನು ಅಂತೀರಿ? ನಾದಿನಿಯನ್ನು! "ಬಾ ಅಕ್ಕ, ನನ್ನ ಕಲೆಗೆ ದಿನಾ ಬೈತೀಯಲ್ಲ, ಅದು ಏನು ಮಾಡುತ್ತೆ ನೋಡು." ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿ, ನನಗೆ ಜಾಗ ಬಿಟ್ಟಳು.

ನಾನು ನೋಡಿದೆ. ನೇರಳೆ ಚುಕ್ಕಿಗಳು ನೂಕುನುಗ್ಗಲಿನಲ್ಲಿ ನಿಂತಿದ್ದವು, ಕೊನೆಯ ಬಸ್ಸಿಗೆ ಕಾದ ಜನರಂತೆ. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ನನ್ನ ಹೆಂಡತಿಯ ಒಳಗನ್ನು ನಾನು ಕಂಡದ್ದು ಅದೇ ಮೊದಲು.

"ರಕ್ತದ ಕ್ಯಾನ್ಸರಲ್ಲಿ ಓಡೋ ಜಾತಿ ಒಂದು, ನಡೆಯೋ ಜಾತಿ ಒಂದು" ಅಂದರು ಡಾಕ್ಟರಮ್ಮ. "ಇದು ನಡೆಯೋದೇ ಅನ್ಸುತ್ತೆ. ಬಿಟ್ರೆ ಇದೂ ಓಡುತ್ತೆ. ಇನ್ನೊಂದು ಪರೀಕ್ಷೆ ಆಗ್ಬೇಕು. ಖಚಿತ ಆದ್ರೆ ದಿನಾ ಮಾತ್ರೆ. ಒಂದು ದಿನಾನೂ ತಪ್ಪಿಸೋ ಹಾಗಿಲ್ಲ." ಚೀಟಿ ಬರೆದುಕೊಟ್ಟರು. ಅಕ್ಷರ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಓದಲಾಗಲಿಲ್ಲ. ನಾದಿನಿ ಓದಿ ಹೇಳಿದಳು.

ಪರೀಕ್ಷೆಯಲ್ಲಿ ಅದೇ ಖಚಿತವಾಯಿತು. ಮಾತ್ರೆ ಶುರುವಾಯಿತು. ಮೊದಲ ತಿಂಗಳು ವಾಂತಿ, ಕಾಲಿನ ಸೆಳೆತ, ಊದಿದ ಕಣ್ಣು. ಗುಳಿಗೆಯಣ್ಣ ಎಂಬ ಹೆಸರಿಗೆ ತಕ್ಕಂತೆ ಮಾತ್ರೆ ಕೊಡುವ ಕೆಲಸವನ್ನು ನಾನೇ ಇಟ್ಟುಕೊಂಡೆ. ಬೆಳಿಗ್ಗೆ ಒಂಬತ್ತು ಹೊಡೆದರೆ ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರು. ತನಗೆ ತಡವಾದೀತೆಂದು ಗಡಿಯಾರವೇ ನನ್ನನ್ನು ನೋಡಿ ಹೆದರಿ ಮುಂದೋಡುತ್ತಿತ್ತು. ಆದರೂ ಅವಳು ನುಂಗಿದ ಮೇಲೆ ಬಾಗಿಲ ಕಡೆ ನೋಡಿ "ತಂಗಿ ಇನ್ನೂ ಬಂದಿಲ್ವಾ?" ಎಂದು ಕೇಳಿದಾಗಲೆಲ್ಲ ನನ್ನ ಒಳಗಿನ ಒಲೆ ಒಮ್ಮೆ ಭಗ್ ಅನ್ನುತ್ತಿತ್ತು. ಮಾತ್ರೆ ಅವಳ ರಕ್ತಕ್ಕೆ ಹಿಡಿಯಿತು. ನನ್ನ ಕಿಚ್ಚಿಗೆ ಯಾವುದೂ ಹಿಡಿಯಲಿಲ್ಲ.

ಒಂದೂವರೆ ವರ್ಷವಾದ ಮೇಲೆ ಡಾಕ್ಟರಮ್ಮ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂದರು. ಅವತ್ತು ಆಸ್ಪತ್ರೆಯಿಂದ ಬರುವಾಗ ನನ್ನ ಹೆಂಡತಿ ತರಕಾರಿಯವನ ಜೊತೆ ಜಗಳಕ್ಕೆ ನಿಂತಳು. ಆ ದನಿ ಕೇಳಿ ಮೂರು ಬೀದಿಯ ನಾಯಿಗಳು ಎದ್ದು ಕೂತವು. ನಾನು ಅವಳನ್ನು ಅಲ್ಲೇ ಬಿಟ್ಟು ಇಸ್ತ್ರಿ ಮೇಜಿನ ಹತ್ತಿರ ಹೋದೆ. ನಾದಿನಿ ಪೆಟ್ಟಿಗೆಯ ಬೂದಿ ಊದುತ್ತಿದ್ದಳು. ಒಂದೂವರೆ ವರ್ಷದಿಂದ ಕೇಳಬೇಕೆಂದಿದ್ದ ಮಾತನ್ನು ಅವತ್ತು ಕೇಳಿಬಿಟ್ಟೆ.

"ಆ ಹತ್ತೊಂಬತ್ತು ದಿನದಲ್ಲಿ ಏನಾದ್ರೂ ಆಗಿಬಿಟ್ಟಿದ್ರೆ ನಾನು ಏನ್ಮಾಡ್ತಿದ್ದೆನೋ ಗೊತ್ತಿಲ್ಲ. ಡಾಕ್ಟರಮ್ಮ ಕೇಳ್ದಾಗ ನೀನು ಯಾಕಮ್ಮ ನಿಜ ಹೇಳ್ಲಿಲ್ಲ? ಈ ಮನುಷ್ಯನಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು, ಅದಕ್ಕೇ ತಡ ಆಯ್ತು ಅಂತ ಹೇಳಿದ್ರೆ ಬೇಡ ಅಂತಿದ್ದವರು ಯಾರು?"

ಅವಳು ಒಂದು ಕೋಟು ಹರಡಿ, ನೀರು ಚಿಮುಕಿಸಿ, ಪೆಟ್ಟಿಗೆ ಎತ್ತಿಕೊಂಡಳು.

"ಹೇಳಿ ಏನು ಪ್ರಯೋಜನ ಭಾವ? ಅವರು ನೋಡೋದು ರಕ್ತ, ಕ್ಯಾನ್ಸರು, ಅಷ್ಟೇ. ನಿಮ್ಮ ಕಾಯಿಲೆ ನೋಡೋ ಡಾಕ್ಟರ ಕೋಟು ಇನ್ನೂ ನನ್ನ ಮೇಜಿಗೆ ಬಂದಿಲ್ಲ."